ಚಿಮಣಿಯ ತಪಾಸಣೆಗೂ ಬೆಳಗಾವಿಯ ಗಾಳಿಗೂ ಏನು ಸಂಬಂಧ?

"ಮಾಲಿನ್ಯ ಮಂಡಳಿಯವ್ರು ಬಂದು ಫೌಂಡ್ರಿ ನೋಡಿ ಹೋಗ್ತಾರ, ರಿಪೋರ್ಟೂ ಸರಿ ಇರ್ತದ. ಹಂಗಾದ್ರ ನಮ್ಮ ಕಿಟಕಿ ಮ್ಯಾಲಿನ ಕರಿ ಧೂಳು ಎಲ್ಲಿಂದ ಬರ್ತದ?" ಫೌಂಡ್ರಿಗಳು, ಅಂದರೆ ಕಬ್ಬಿಣ ಕರಗಿಸಿ ಎರಕ ಹೊಯ್ಯುವ ಕಾರ್ಖಾನೆಗಳು, ಇರುವ ಬೆಳಗಾವಿಯ ಉದ್ಯಮಬಾಗದ ಆಸುಪಾಸಿನ ಮನೆಗಳಲ್ಲಿ ಈ ಪ್ರಶ್ನೆ ಹೊಸದೇನಲ್ಲ. ಕಾರ್ಖಾನೆಯವರನ್ನು ಕೇಳಿದರೆ ಅವರು ಕಾಗದ ತೆಗೆದು ತೋರಿಸುತ್ತಾರೆ, ಎಲ್ಲ ಲಿಮಿಟ್ ಒಳಗೇ ಇದೆ ಅನ್ನುತ್ತಾರೆ. ಇಬ್ಬರ ಮಾತೂ ನಿಜ ಇರಬಹುದು. ಅದು ಹೇಗೆ ಸಾಧ್ಯ ಅಂತ ಗೊತ್ತಾಗಬೇಕಾದರೆ ತಪಾಸಣೆ ದಿನ ಏನನ್ನು ಅಳೆಯುತ್ತಾರೆ, ಊರಿನ ಗಾಳಿಯಲ್ಲಿ ಏನನ್ನು ಅಳೆಯುತ್ತಾರೆ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು.

ಮೊದಲು ಕಾನೂನಿನ ಮಾತು, ಚುಟುಕಾಗಿ. ನೀರಿನ ಮಾಲಿನ್ಯಕ್ಕೆ 1974ರಲ್ಲಿ ಕಾಯ್ದೆ ಬಂತು. ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಹುಟ್ಟಿದ್ದೂ ಅದೇ ವರ್ಷ. ಗಾಳಿಗೆ ಬೇರೆ ಕಾಯ್ದೆ ಬಂದದ್ದು 1981ರಲ್ಲಿ. ಅದರ ಪ್ರಕಾರ ಕಾರ್ಖಾನೆ ಕಟ್ಟುವ ಮುಂಚೆ ಮಂಡಳಿಯಿಂದ ಒಂದು ಸಮ್ಮತಿ ಬೇಕು, ನಡೆಸುವ ಮುಂಚೆ ಇನ್ನೊಂದು. ಉದ್ಯಮದವರ ಬಾಯಲ್ಲಿ ಇವು ಸಿಎಫ್‌ಇ ಮತ್ತು ಸಿಎಫ್‌ಒ. ಎರಡನೆಯದರಲ್ಲಿ ಷರತ್ತುಗಳಿರುತ್ತವೆ. ಯಾವ ಭಟ್ಟಿ, ಯಾವ ಇಂಧನ, ಚಿಮಣಿ ಎಷ್ಟು ಎತ್ತರ, ಧೂಳು ಹಿಡಿಯುವ ಸಾಧನ ಯಾವುದು, ಹೊರಗೆ ಹೋಗುವ ಹೊಗೆಯಲ್ಲಿ ಧೂಳು ಎಷ್ಟಿರಬಹುದು, ಹೀಗೆ. ತಪಾಸಣೆಗೆ ಬರುವ ಪರಿಸರ ಅಧಿಕಾರಿ ಮುಖ್ಯವಾಗಿ ನೋಡುವುದು ಈ ಕಾಗದಕ್ಕೂ ಎದುರಿಗಿರುವ ಕಾರ್ಖಾನೆಗೂ ತಾಳೆ ಆಗುತ್ತದಾ ಅಂತ. ಊರಿನ ಗಾಳಿ ಹೇಗಿದೆ ಅನ್ನುವುದು ಆ ಕಾಗದದಲ್ಲಿ ಇರುವುದಿಲ್ಲ.

ಎಲ್ಲ ಉದ್ಯಮಗಳ ಮೇಲೂ ಮಂಡಳಿಯ ಕಣ್ಣು ಒಂದೇ ಥರ ಇರುವುದಿಲ್ಲ. ಮಾಲಿನ್ಯದ ಅಂದಾಜಿನ ಮೇಲೆ ಕೆಂಪು, ಕಿತ್ತಳೆ, ಹಸಿರು, ಬಿಳಿ ಅಂತ ವಿಂಗಡಣೆ ಇದೆ. ಕೆಂಪಿನವರ ಮೇಲೆ ನಿಗಾ ಜಾಸ್ತಿ, ಬಿಳಿಯವರ ಮೇಲೆ ಹೆಸರಿಗಷ್ಟೇ.

ಗಾಳಿ ಕಾಯ್ದೆಯ 24ನೇ ಸೆಕ್ಷನ್ ಪ್ರಕಾರ ಮಂಡಳಿಯ ಅಧಿಕಾರಿ ಕಾರ್ಖಾನೆಯ ಒಳಗೆ ಹೋಗಿ ಯಂತ್ರ, ದಾಖಲೆ ಎಲ್ಲ ಪರಿಶೀಲಿಸಬಹುದು. ಅಡ್ಡಿ ಮಾಡಿದರೆ ಅದೇ ಒಂದು ತಪ್ಪು. ಆದರೆ ಹೊಗೆಯ ಮಾದರಿ ತೆಗೆದು ಅದನ್ನು ಕೋರ್ಟಿನಲ್ಲಿ ಸಾಕ್ಷಿಯಾಗಿ ನಿಲ್ಲಿಸಬೇಕಾದರೆ 26ನೇ ಸೆಕ್ಷನ್ ಪಾಲಿಸಲೇಬೇಕು. ಸ್ಥಳದಲ್ಲೇ ನೋಟಿಸ್ ಕೊಡಬೇಕು, ಮಾಲೀಕ ಅಥವಾ ಅವರ ಕಡೆಯವರ ಎದುರಿಗೇ ಮಾದರಿ ತೆಗೆಯಬೇಕು, ಡಬ್ಬಿಗೆ ಸೀಲ್ ಹಾಕಬೇಕು, ಇಬ್ಬರೂ ಸಹಿ ಮಾಡಬೇಕು, ತಡಮಾಡದೆ ಪ್ರಯೋಗಾಲಯಕ್ಕೆ ಕಳಿಸಬೇಕು. ಇದರಲ್ಲಿ ಒಂದು ಹೆಜ್ಜೆ ತಪ್ಪಿದರೂ ಮಾದರಿ ಕೆಲಸಕ್ಕೆ ಬಾರದು. ಕಾರ್ಖಾನೆಯವರಿಗೆ ಅನ್ಯಾಯ ಆಗಬಾರದು ಅಂತ ಇರುವ ನಿಯಮ ಇದು, ಇರಬೇಕಾದದ್ದೇ. ಆದರೆ ಇದೇ ಕಾರಣಕ್ಕೆ ಸರಿಯಾದ ಒಂದು ಮಾದರಿ ತೆಗೆಯಲು ಜನ, ಸಮಯ, ಸಲಕರಣೆ ಎಲ್ಲ ಬೇಕು.

ಚಿಮಣಿ ಮೇಲೆ ನಡೆಯುವ ಕೆಲಸ

ಆ ಮಾದರಿ ತೆಗೆಯುವುದನ್ನು ಹತ್ತಿರದಿಂದ ನೋಡೋಣ. ತಪಾಸಣೆ ಅಂದರೆ ಫೈಲು, ಸಹಿ, ಚಹಾ ಅಂತಲೇ ತುಂಬಾ ಜನ ಅಂದುಕೊಂಡಿದ್ದಾರೆ. ನಿಜವಾದ ಕೆಲಸ ನಡೆಯುವುದು ನೆಲದಿಂದ ಮೇಲೆ, ಏಣಿಯ ತುದಿಯಲ್ಲಿ.

ಚಿಮಣಿಯ ಮೈಗೆ ಒಂದು ಕಡೆ ತೂತು ಇರುತ್ತದೆ, ಅದಕ್ಕೆ ಮುಚ್ಚಳ. ಅದರ ಕೆಳಗೆ ಮನುಷ್ಯ ನಿಲ್ಲಲು ಕಬ್ಬಿಣದ ಕಟ್ಟೆ. ತೂತು ಎಲ್ಲಿ ಬೇಕಾದರೂ ಇದ್ದರೆ ಆಗುವುದಿಲ್ಲ. ಹೊಗೆ ತಿರುವು ದಾಟಿ ಬಂದ ತಕ್ಷಣ ಸುಳಿ ಸುತ್ತುತ್ತಿರುತ್ತದೆ, ಅಲ್ಲಿ ತೆಗೆದ ಅಳತೆ ತಪ್ಪಾಗುತ್ತದೆ. ಅದಕ್ಕೇ ಕೊನೆಯ ತಿರುವಿನಿಂದ ಚಿಮಣಿಯ ವ್ಯಾಸದ ಎಂಟು ಪಟ್ಟು ಮೇಲೆ, ತುದಿಯಿಂದ ಎರಡು ಪಟ್ಟು ಕೆಳಗೆ ತೂತು ಇರಬೇಕು ಅನ್ನುವುದು ವಾಡಿಕೆಯ ಲೆಕ್ಕ. ತಂತ್ರಜ್ಞ ಅಲ್ಲಿಗೆ ಹತ್ತಿ ಉದ್ದನೆಯ ಕೊಳವೆಯನ್ನು ಒಳಗೆ ಬಿಡುತ್ತಾರೆ. ಮೊದಲು ಹೊಗೆಯ ಬಿಸಿ ಮತ್ತು ವೇಗ ಅಳೆಯುತ್ತಾರೆ. ಆಮೇಲೆ ಹೊಗೆ ಎಷ್ಟು ವೇಗದಲ್ಲಿ ಹೋಗುತ್ತಿದೆಯೋ ಅಷ್ಟೇ ವೇಗದಲ್ಲಿ ಅದನ್ನು ಪಂಪಿನಿಂದ ಎಳೆಯಬೇಕು. ನಿಧಾನವಾಗಿ ಎಳೆದರೆ ದಪ್ಪ ಕಣಗಳು ಲೆಕ್ಕಕ್ಕಿಂತ ಜಾಸ್ತಿ ಸಿಗುತ್ತವೆ. ಜೋರಾಗಿ ಎಳೆದರೆ ಕಡಿಮೆ ಸಿಗುತ್ತವೆ. ಪಂಪಿನ ವೇಗ ಒಂದನ್ನು ಹೆಚ್ಚುಕಮ್ಮಿ ಮಾಡಿದರೆ ಸಾಕು, ವರದಿಯ ಅಂಕಿಯೇ ಬದಲಾಗುತ್ತದೆ.

ಕೊಳವೆಯ ಒಳಗೆ ಗಾಜಿನ ನಾರಿನಿಂದ ಮಾಡಿದ, ಒಂದು ಬದಿ ಮುಚ್ಚಿದ ಚಿಕ್ಕ ಚೀಲ ಇರುತ್ತದೆ. ಅದರ ಹೆಸರು ಥಿಂಬಲ್. ಹೊಗೆ ಅದರ ಮೂಲಕ ಹಾದು ಹೋಗುತ್ತದೆ, ಧೂಳು ಅದರಲ್ಲೇ ಉಳಿಯುತ್ತದೆ. ಥಿಂಬಲ್ಲನ್ನು ಮೊದಲೇ ಒಣಗಿಸಿ ತೂಗಿಟ್ಟಿರುತ್ತಾರೆ. ಪ್ರಯೋಗಾಲಯಕ್ಕೆ ತಂದು ಮತ್ತೆ ಒಣಗಿಸಿ ತೂಗುತ್ತಾರೆ. ಎರಡು ತೂಕಗಳ ವ್ಯತ್ಯಾಸವೇ ಧೂಳು. ಒಂದು ಘನ ಮೀಟರ್ ಹೊಗೆ ಹಾದು ಹೋಗಿ ತೂಕ 150 ಮಿಲಿಗ್ರಾಂ ಹೆಚ್ಚಿದರೆ, ವರದಿಯಲ್ಲಿ ಘನ ಮೀಟರಿಗೆ 150 ಮಿಲಿಗ್ರಾಂ ಅಂತ ಬರೆಯುತ್ತಾರೆ.

ಈ 150 ಅನ್ನು ನೆನಪಿಟ್ಟುಕೊಳ್ಳಿ. ಇಂಡಕ್ಷನ್ ಫರ್ನೇಸ್ ಇರುವ ಫೌಂಡ್ರಿಗೆ ದೇಶದಲ್ಲಿ ಇರುವ ಮಿತಿ ಅದೇ. ಗಂಟೆಗೆ 3 ಟನ್ನಿಗಿಂತ ಕಡಿಮೆ ಕರಗಿಸುವ ಸಣ್ಣ ಕಪೋಲಾ ಭಟ್ಟಿಗಾದರೆ 450. ಕಪೋಲಾ ಅಂದರೆ ಕೋಕ್ ಉರಿಸಿ ಕಬ್ಬಿಣ ಕರಗಿಸುವ ಹಳೇ ಪದ್ಧತಿ. ಇಂಡಕ್ಷನ್‌ನಲ್ಲಿ ವಿದ್ಯುತ್ತಿನಿಂದ ಕರಗಿಸುತ್ತಾರೆ, ಹೊಗೆ ಬಹಳ ಕಡಿಮೆ. ಬೆಳಗಾವಿಯಲ್ಲಿ ಉದ್ಯಮಬಾಗ, ಮಚ್ಛೆ ಕಡೆ ಇರುವ ಫೌಂಡ್ರಿಗಳಲ್ಲಿ ಬಹಳಷ್ಟು ಈಗ ವಿದ್ಯುತ್ ಭಟ್ಟಿಗೆ ಬಂದಿವೆ. ಅದು ಸಣ್ಣ ಬದಲಾವಣೆಯಲ್ಲ. ತಪಾಸಣೆಯ ಚರ್ಚೆಯಲ್ಲಿ ಈ ಸುಧಾರಣೆಯನ್ನು ಮರೆಯಬಾರದು.

ಮತ್ತೆ ಧೂಳು ಎಲ್ಲಿಂದ?

ಫೌಂಡ್ರಿಯ ಧೂಳೆಲ್ಲ ಭಟ್ಟಿಯಿಂದಲೇ ಬರುವುದಿಲ್ಲ. ಕೆಲಸ ಹೇಗೆ ನಡೆಯುತ್ತದೆ ಅಂತ ಒಮ್ಮೆ ನೋಡಿ. ಮರಳಿನಲ್ಲಿ ಅಚ್ಚು ಮಾಡುತ್ತಾರೆ. ಕರಗಿದ ಕಬ್ಬಿಣ ಹೊಯ್ಯುತ್ತಾರೆ. ಆರಿದ ಮೇಲೆ ಅಚ್ಚನ್ನು ಒಡೆದು ಎರಕವನ್ನು ಹೊರಗೆ ತೆಗೆಯುತ್ತಾರೆ, ಅದನ್ನು ನಾಕ್‌ಔಟ್ ಅನ್ನುತ್ತಾರೆ. ಸುಟ್ಟ ಮರಳು ದಡದಡ ಉದುರುವಾಗ ಶೆಡ್ಡಿನ ತುಂಬ ಕಪ್ಪು ಧೂಳು ಏಳುತ್ತದೆ. ಆಮೇಲೆ ಎರಕಕ್ಕೆ ಅಂಟಿದ ಮರಳನ್ನು ಶಾಟ್ ಬ್ಲಾಸ್ಟಿಂಗ್ ಮಾಡಿ, ಅಂದರೆ ಸಣ್ಣ ಲೋಹದ ಗುಂಡುಗಳನ್ನು ಜೋರಾಗಿ ಹೊಡೆದು, ತೆಗೆಯುತ್ತಾರೆ, ಅಂಚುಗಳನ್ನು ಗ್ರೈಂಡರ್‌ನಿಂದ ಉಜ್ಜುತ್ತಾರೆ. ಈ ಜಾಗಗಳಲ್ಲಿ ಹೀರುವ ಕೊಳವೆ ಮತ್ತು ಬ್ಯಾಗ್ ಫಿಲ್ಟರ್ ಇದ್ದರೆ ಧೂಳು ಚೀಲದಲ್ಲಿ ಸಿಗುತ್ತದೆ. ಇಲ್ಲದಿದ್ದರೆ ಅದು ಬಾಗಿಲು, ಕಿಟಕಿ, ಶೀಟಿನ ಸಂದಿಯಿಂದ ಹೊರಗೆ ಹೋಗುತ್ತದೆ. ಕೆಲಸ ಮುಗಿದ ಮರಳನ್ನು ರಸ್ತೆ ಬದಿ ಸುರಿದರೆ ಗಾಳಿಗೆ ಅದೂ ಏಳುತ್ತದೆ.

ಈ ಧೂಳು ಚಿಮಣಿಯ ದಾರಿ ಹಿಡಿಯುವುದೇ ಇಲ್ಲ. ಹಾಗಾಗಿ ಏಣಿ ಹತ್ತಿದವರ ಥಿಂಬಲ್ಲಿಗೆ ಅದು ಸಿಗುವುದೂ ಇಲ್ಲ. ಚಿಮಣಿ ವರದಿ ಸರಿ ಇರಬಹುದು, ಪಕ್ಕದ ಮನೆಯ ಕಿಟಕಿ ಕಪ್ಪಾಗಿರಬಹುದು. ಮೊದಲಿನ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಇದೆ. ಉಸಿರಿನ ಲೆಕ್ಕದಲ್ಲಿ ಇದರ ಹೊಡೆತ ಮೊದಲು ಬೀಳುವುದು ಶೆಡ್ಡಿನೊಳಗೆ ಕೆಲಸ ಮಾಡುವವರ ಮೇಲೆ. ಮರಳಿನ ಧೂಳಿನಲ್ಲಿ ಸಿಲಿಕಾ ಇರುತ್ತದೆ. ವರ್ಷಗಟ್ಟಲೆ ಒಳಗೆ ಹೋದರೆ ಸಿಲಿಕೋಸಿಸ್ ಅನ್ನುವ, ವಾಸಿಯಾಗದ ಶ್ವಾಸಕೋಶದ ರೋಗ ಬರುತ್ತದೆ. ಕಾರ್ಮಿಕರ ಆರೋಗ್ಯ ನೋಡಬೇಕಾದದ್ದು ಕಾರ್ಖಾನೆಗಳ ಇಲಾಖೆ, ಹೊರಗಿನ ಗಾಳಿ ನೋಡಬೇಕಾದದ್ದು ಮಾಲಿನ್ಯ ಮಂಡಳಿ. ಧೂಳು ಒಂದೇ, ಇಲಾಖೆ ಎರಡು. ಇಬ್ಬರೂ ಒಂದೇ ದಿನ, ಒಟ್ಟಿಗೆ ಬಂದು ನೋಡಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಇನ್ನರ್ಧ ಉತ್ತರ ಲೆಕ್ಕದಲ್ಲಿದೆ. ಮಿತಿ ಇರುವುದು ಒಂದು ಘನ ಮೀಟರ್ ಹೊಗೆಯಲ್ಲಿ ಎಷ್ಟು ಧೂಳು ಅನ್ನುವುದಕ್ಕೆ. ದಿನಕ್ಕೆ ಒಟ್ಟು ಎಷ್ಟು ಧೂಳು ಹೊರಗೆ ಹೋಯಿತು ಅನ್ನುವುದಕ್ಕೆ ಅಲ್ಲಿ ಮಿತಿ ಇಲ್ಲ. ಒಂದು ಫೌಂಡ್ರಿಯ ಫ್ಯಾನು ಗಂಟೆಗೆ 5,000 ಘನ ಮೀಟರ್ ಗಾಳಿ ಹೊರಗೆ ಹಾಕುತ್ತದೆ, ಧೂಳು ಸರಿಯಾಗಿ 150ರಲ್ಲೇ ಇದೆ ಅಂತ ಇಟ್ಟುಕೊಳ್ಳಿ. ಗಂಟೆಗೆ 750 ಗ್ರಾಂ ಆಯಿತು. ಹತ್ತು ಗಂಟೆ ನಡೆದರೆ ಏಳೂವರೆ ಕಿಲೋ. ಅಂಥ ನೂರು ಚಿಮಣಿ ಇದ್ದರೆ ದಿನಕ್ಕೆ 750 ಕಿಲೋ. ಒಬ್ಬರೂ ನಿಯಮ ಮುರಿದಿಲ್ಲ, ಆದರೂ ಅಷ್ಟು ಧೂಳು ಊರಿನ ಮೇಲೆ ಬಂತು. ಹೀರುವ ಕೊಳವೆ ಭಟ್ಟಿಯ ಹೊಗೆ ಜೊತೆ ಶೆಡ್ಡಿನ ತಿಳಿ ಗಾಳಿಯನ್ನೂ ಜಾಸ್ತಿ ಎಳೆದರೆ ವರದಿಯ ಅಂಕಿ ಇಳಿಯುತ್ತದೆ. ಹೊರಗೆ ಹೋದ ಗ್ರಾಂ ಮಾತ್ರ ಅಷ್ಟೇ ಇರುತ್ತದೆ.

ರಾಮತೀರ್ಥ ನಗರದ ಯಂತ್ರ ಏನು ಹೇಳುತ್ತದೆ

ಈಗ ಊರಿನ ಗಾಳಿಗೆ ಬರೋಣ. ಮೊಬೈಲಿನಲ್ಲಿ ಕೇಂದ್ರ ಮಾಲಿನ್ಯ ಮಂಡಳಿಯ ಸಮೀರ್ ಆ್ಯಪ್ ತೆಗೆದರೆ ಬೆಳಗಾವಿಯ ಹೆಸರಿನಲ್ಲಿ ಒಂದು ಅಂಕಿ ಕಾಣುತ್ತದೆ. ಅದೇ ಎಕ್ಯೂಐ, ವಾಯು ಗುಣಮಟ್ಟ ಸೂಚ್ಯಂಕ. 50ರವರೆಗೆ ಉತ್ತಮ, 100ರವರೆಗೆ ತೃಪ್ತಿಕರ, 200ರವರೆಗೆ ಮಧ್ಯಮ, ಅದರಾಚೆ ಕಳಪೆ, ತೀರಾ ಕಳಪೆ, ಗಂಭೀರ. ದೇಶದಲ್ಲಿ ಈ ಪದ್ಧತಿ 2015ರಿಂದ ನಡೆಯುತ್ತಿದೆ.

ಈ ಅಂಕಿ ಬರುವುದು ರಾಮತೀರ್ಥ ನಗರದಲ್ಲಿ ಮಂಡಳಿ ಇಟ್ಟಿರುವ ಯಂತ್ರದಿಂದ. ಹಾಗೆಯೇ ಬಾಗಲಕೋಟೆಯದು ವಿದ್ಯಾಗಿರಿಯಿಂದ, ವಿಜಯಪುರದ್ದು ಇಬ್ರಾಹಿಂಪುರದಿಂದ. ಬೆಳಗಾವಿ ಊರಿನ ಜನಸಂಖ್ಯೆ 2011ರ ಜನಗಣತಿಯಲ್ಲೇ 4.88 ಲಕ್ಷ. ರಾಮತೀರ್ಥ ನಗರ ಇರುವುದು ಊರಿನ ಉತ್ತರದ ಕಡೆ. ಉದ್ಯಮಬಾಗ ಇರುವುದು ನೈಋತ್ಯಕ್ಕೆ, ಖಾನಾಪುರ ರಸ್ತೆಯಲ್ಲಿ. ನಡುವೆ ಇಡೀ ಊರೇ ಇದೆ. ತಿಳಕವಾಡಿಯ ಒಂದು ಓಣಿಯಲ್ಲಿ ಸಂಜೆ ಎಷ್ಟು ಧೂಳಿತ್ತು ಅನ್ನುವುದನ್ನು ಆ ಯಂತ್ರ ಹೇಳಲಾರದು. ತನ್ನ ಸುತ್ತಲಿನ ಗಾಳಿಯನ್ನಷ್ಟೇ ಅದು ಅಳೆಯುತ್ತದೆ. ಅದು ಯಂತ್ರದ ತಪ್ಪಲ್ಲ. ಅಷ್ಟು ಜನರಿಗೆ ಇನ್ನೂ ಕೆಲವು ಯಂತ್ರ ಬೇಕು, ಒಂದಾದರೂ ಉದ್ಯಮಬಾಗದ ಅಂಚಿನಲ್ಲಿ ಬೇಕು.

ಇನ್ನೊಂದು ವಿಷಯ ಗೊತ್ತಿರಲಿ. ಎಕ್ಯೂಐ ಅಂದರೆ ಎಲ್ಲ ಮಾಲಿನ್ಯಗಳ ಸರಾಸರಿ ಅಲ್ಲ. ಎಂಟು ಬಗೆಯ ಮಾಲಿನ್ಯಕ್ಕೆ ಬೇರೆ ಬೇರೆ ಅಂಕ ಹಾಕಿ, ಅದರಲ್ಲಿ ಯಾವುದು ಕೆಟ್ಟದ್ದೋ ಅದನ್ನೇ ದಿನದ ಅಂಕವಾಗಿ ತೋರಿಸುತ್ತಾರೆ. ನಮ್ಮ ಕಡೆ ಬಹುತೇಕ ದಿನ ಆ ಜಾಗದಲ್ಲಿ ಇರುವುದು ಧೂಳೇ. ಕೂದಲಿಗಿಂತ ಎಷ್ಟೋ ಸಣ್ಣ ಕಣಗಳು, ಪಿಎಂ 10 ಮತ್ತು ಅದಕ್ಕಿಂತ ಸಣ್ಣದಾದ ಪಿಎಂ 2.5. ಎರಡನೆಯದು ಶ್ವಾಸಕೋಶದ ಆಳಕ್ಕೆ ಇಳಿಯುತ್ತದೆ. ನಮ್ಮ ದೇಶದ ಮಾನದಂಡದಲ್ಲಿ ಪಿಎಂ 2.5 ವರ್ಷದ ಸರಾಸರಿ ಘನ ಮೀಟರಿಗೆ 40 ಮೈಕ್ರೋಗ್ರಾಂ ದಾಟಬಾರದು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 5. ಅಂದರೆ ಆ್ಯಪ್‌ನಲ್ಲಿ ಹಸಿರು ಬಣ್ಣ ಕಂಡ ದಿನವೂ ಆ ಸಂಸ್ಥೆಯ ಲೆಕ್ಕದಲ್ಲಿ ಗಾಳಿ ಶುದ್ಧ ಅಂತ ಹೇಳಲು ಬರುವುದಿಲ್ಲ.

ಇಲ್ಲಿ ಅಳತೆ ಮೈಕ್ರೋಗ್ರಾಂನಲ್ಲಿ. ಚಿಮಣಿಯಲ್ಲಿ ಮಿಲಿಗ್ರಾಂನಲ್ಲಿ. ಚಿಮಣಿಯ 150 ಮಿಲಿಗ್ರಾಂ ಅಂದರೆ ಒಂದೂವರೆ ಲಕ್ಷ ಮೈಕ್ರೋಗ್ರಾಂ. ಊರಿನ ಗಾಳಿಯಲ್ಲಿ ದಿನದ ಪಿಎಂ 10 ಮಿತಿ 100. ಅದರ ಒಂದೂವರೆ ಸಾವಿರ ಪಟ್ಟು ದಟ್ಟ ಇರುವ ಹೊಗೆ ನಿಯಮದ ಒಳಗೇ ಇರುತ್ತದೆ. ಗಾಳಿ ಅದನ್ನು ಮೇಲಕ್ಕೆ ಒಯ್ದು, ಹರಡಿ, ತೆಳು ಮಾಡುತ್ತದೆ ಅನ್ನುವ ನಂಬಿಕೆಯ ಮೇಲೆ ಈ ಇಡೀ ವ್ಯವಸ್ಥೆ ನಿಂತಿದೆ. ಚಿಮಣಿ ಎತ್ತರ ಇರಬೇಕು ಅನ್ನುವುದೂ ಅದಕ್ಕೇ.

ಗಾಳಿ ಆ ಕೆಲಸವನ್ನು ಎಲ್ಲ ದಿನ ಒಂದೇ ಥರ ಮಾಡುವುದಿಲ್ಲ. ಮಳೆಗಾಲದಲ್ಲಿ ಬೆಳಗಾವಿಯ ಮಳೆ ಧೂಳನ್ನೆಲ್ಲ ತೊಳೆದು ಹಾಕುತ್ತದೆ. ನವೆಂಬರ್ ಬಂತೆಂದರೆ ಕಥೆ ಬೇರೆ. ರಾತ್ರಿ ನೆಲ ಬೇಗ ತಣ್ಣಗಾಗುತ್ತದೆ, ನೆಲದ ಹತ್ತಿರದ ಗಾಳಿಯೂ ತಣ್ಣಗಾಗುತ್ತದೆ, ಅದರ ಮೇಲೆ ಬೆಚ್ಚನೆಯ ಗಾಳಿ ಪಾತ್ರೆಗೆ ಮುಚ್ಚಿದ ತಟ್ಟೆಯ ಹಾಗೆ ಕೂರುತ್ತದೆ. ಹೊಗೆ ಮೇಲೆ ಹೋಗಲಾರದೆ ಕೆಳಗೇ ಸುತ್ತುತ್ತದೆ. ಬೆಳಿಗ್ಗೆ ವಾಕಿಂಗ್ ಹೋಗುವವರಿಗೆ ಸುಟ್ಟ ವಾಸನೆ ಬರುವುದು ಇದೇ ದಿನಗಳಲ್ಲಿ, ಅಲ್ವಾ? ಕಾರ್ಖಾನೆಗಳು ಜುಲೈನಲ್ಲೂ ಡಿಸೆಂಬರ್‌ನಲ್ಲೂ ಅಷ್ಟೇ ಹೊಗೆ ಬಿಟ್ಟರೂ ಎಕ್ಯೂಐ ಎರಡು ತಿಂಗಳಲ್ಲಿ ಬೇರೆ ಬೇರೆ ಇರುತ್ತದೆ. ಜೂನ್ ಮೊದಲು ತಪಾಸಣೆ ಆಗಿ, ಜುಲೈನಲ್ಲಿ ಅಂಕಿ ಇಳಿದರೆ ಅದು ತಪಾಸಣೆಯ ಫಲ ಅಂತ ಹೇಳಲು ಬರುವುದಿಲ್ಲ. ಹೋಲಿಸುವುದಾದರೆ ಈ ವರ್ಷದ ಡಿಸೆಂಬರ್ ಜೊತೆ ಹೋದ ವರ್ಷದ ಡಿಸೆಂಬರ್ ಹೋಲಿಸಬೇಕು.

ಯಾರೂ ತಪಾಸಣೆ ಮಾಡದ ಹೊಗೆ

ಊರಿನ ಗಾಳಿಗೆ ಧೂಳು ಸೇರಿಸುವವರಲ್ಲಿ ಕಾರ್ಖಾನೆ ಒಂದು ಭಾಗ. ರಸ್ತೆ ಧೂಳು, ವಾಹನ, ಕಟ್ಟಡ ಕೆಲಸ, ಕಸಕ್ಕೆ ಬೆಂಕಿ, ಹೋಟೆಲಿನ ಸೌದೆ ಒಲೆ, ಜನರೇಟರ್ ಎಲ್ಲ ಸೇರುತ್ತವೆ. ಜಿಲ್ಲೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಕ್ಕರೆ ಕಾರ್ಖಾನೆ ಇವೆ, ಸುತ್ತ ಕಬ್ಬು. ಕಟಾವು ಆದ ಮೇಲೆ ಹೊಲದಲ್ಲಿ ಉಳಿಯುವ ರವದಿಗೆ ಬೆಂಕಿ ಇಡುತ್ತಾರೆ. ಅದೂ ಇದೇ ಚಳಿಗಾಲದಲ್ಲಿ, ಹೊಗೆ ಮೇಲೆ ಹೋಗದ ರಾತ್ರಿಗಳಲ್ಲಿ. ರೈತರನ್ನು ಬೈದು ಪ್ರಯೋಜನವಿಲ್ಲ. ರವದಿ ಪುಡಿ ಮಾಡುವ ಯಂತ್ರ ಸಮಯಕ್ಕೆ ಸಿಕ್ಕರೆ ಹೆಚ್ಚಿನವರು ಅದನ್ನು ಮಣ್ಣಿಗೆ ಸೇರಿಸುತ್ತಾರೆ, ಮಣ್ಣಿಗೂ ಅದು ಒಳ್ಳೆಯದೇ.

ಇವುಗಳಿಗೆ ಒಬ್ಬನೇ ಯಜಮಾನ ಇಲ್ಲ. ವಾಹನದ ಹೊಗೆ ಸಾರಿಗೆ ಇಲಾಖೆಗೆ. ಕಸಕ್ಕೆ ಬೆಂಕಿ, ರಸ್ತೆ ಗುಡಿಸುವುದು, ಕಟ್ಟಡದ ಧೂಳು ಮಹಾನಗರ ಪಾಲಿಕೆಗೆ. ಕಲ್ಲು ಪುಡಿ ಮಾಡುವ ಕ್ರಷರ್‌ಗಳಿಗೆ 2011ರ ಪ್ರತ್ಯೇಕ ರಾಜ್ಯ ಕಾಯ್ದೆ ಇದೆ, ಅದನ್ನು ನೋಡುವುದು ಜಿಲ್ಲಾಡಳಿತ. ಮಂಡಳಿಯ ಅಧಿಕಾರಿ ಫೌಂಡ್ರಿಯಲ್ಲಿ ಏಣಿ ಹತ್ತಿರುವ ಹೊತ್ತಿಗೆ ಹೊರಗೆ ಲಾರಿಗಳು ಒಣ ಮಣ್ಣಿನ ರಸ್ತೆಯಲ್ಲಿ ಎಬ್ಬಿಸುವ ಧೂಳು ಯಾರ ವರದಿಯಲ್ಲೂ ಇರುವುದಿಲ್ಲ.

ಈ ಪೈಕಿ ಜನರೇಟರ್ ವಿಷಯವನ್ನು ನೀವೇ ನೋಡಿ ತಿಳಿಯಬಹುದು. ಜನರೇಟರಿನ ಹೊಗೆ ಕೊಳವೆ ಕಟ್ಟಡಕ್ಕಿಂತ ಎತ್ತರ ಇರಬೇಕು ಅಂತ ನಿಯಮ ಇದೆ. ಎಷ್ಟು ಎತ್ತರ ಅನ್ನುವುದಕ್ಕೆ ಸುಲಭ ಲೆಕ್ಕ: ಜನರೇಟರಿನ ಸಾಮರ್ಥ್ಯ ಹೇಳುವ ಕೆವಿಎ ಅಂಕಿಯ ವರ್ಗಮೂಲ ತೆಗೆದು 0.2ರಿಂದ ಗುಣಿಸಿ. 100 ಕೆವಿಎ ಜನರೇಟರ್ ಆದರೆ ವರ್ಗಮೂಲ 10, ಗುಣಿಸಿದರೆ 2. ಅಂದರೆ ಅದು ಇರುವ ಕಟ್ಟಡಕ್ಕಿಂತ 2 ಮೀಟರ್ ಮೇಲೆ. 225 ಕೆವಿಎ ಆದರೆ 3 ಮೀಟರ್. ಮುಂದಿನ ಸಲ ಕಲ್ಯಾಣ ಮಂಟಪಕ್ಕೋ ದೊಡ್ಡ ಅಂಗಡಿಗೋ ಹೋದಾಗ ಹಿಂಬದಿಗೆ ಹೋಗಿ ನೋಡಿ. ಕೊಳವೆ ಮಾಳಿಗೆ ದಾಟಿದೆಯಾ, ಅಥವಾ ಪಕ್ಕದ ಮನೆಯ ಕಿಟಕಿಗೆ ಹೊಗೆ ಊದುತ್ತಿದೆಯಾ? ಯಂತ್ರವೂ ಬೇಡ, ಥಿಂಬಲ್ಲೂ ಬೇಡ.

ತಪಾಸಣೆ ಹೆಚ್ಚು ಮಾಡಿದರೆ ಸಾಕಾ?

ಸಹಜವಾಗಿ ಬರುವ ಬೇಡಿಕೆ ಇದು: ತಪಾಸಣೆ ಜಾಸ್ತಿ ಮಾಡಿ. ಇದನ್ನು ಸುಮ್ನೆ ವಾದ ಮಾಡಬೇಕಾಗಿಲ್ಲ, ಗುಜರಾತಿನಲ್ಲಿ ಪ್ರಯೋಗ ಮಾಡಿಯೇ ನೋಡಿದ್ದಾರೆ. ಅರ್ಥಶಾಸ್ತ್ರಜ್ಞರಾದ ಎಸ್ತರ್ ಡುಫ್ಲೊ, ಮೈಕಲ್ ಗ್ರೀನ್‌ಸ್ಟೋನ್, ರೋಹಿಣಿ ಪಾಂಡೆ, ನಿಕೋಲಸ್ ರಯಾನ್ ಅಲ್ಲಿನ ಮಾಲಿನ್ಯ ಮಂಡಳಿ ಜೊತೆ ಸೇರಿ ಎರಡು ಪ್ರಯೋಗ ನಡೆಸಿದರು. ಡುಫ್ಲೊ ಅವರಿಗೆ 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು.

ಒಂದು ಪ್ರಯೋಗದಲ್ಲಿ 960 ಕಾರ್ಖಾನೆಗಳನ್ನು ತೆಗೆದುಕೊಂಡರು. ಚೀಟಿ ಎತ್ತಿದ ಹಾಗೆ ಆರಿಸಿ ಅರ್ಧದಷ್ಟು ಕಾರ್ಖಾನೆಗಳಿಗೆ ತಪಾಸಣೆಯನ್ನು ಎರಡು ಪಟ್ಟಿಗಿಂತ ಹೆಚ್ಚು ಮಾಡಿದರು. ಉಳಿದವು ಎಂದಿನಂತೆ. ಫಲಿತಾಂಶ ನಿರಾಸೆಯದ್ದು. ತಪಾಸಣೆ ಹೆಚ್ಚಾಯಿತು, ನೋಟಿಸೂ ಹೆಚ್ಚಾದವು, ಸರಾಸರಿ ಮಾಲಿನ್ಯ ಮಾತ್ರ ಹೆಚ್ಚುಕಮ್ಮಿ ಇದ್ದಲ್ಲೇ ಇತ್ತು. ಯಾಕೆ ಅಂತ ಹುಡುಕಿದಾಗ ಸಿಕ್ಕಿದ್ದು ಇದು. ಅತಿ ಹೆಚ್ಚು ಕೆಡಿಸುವವರು ಯಾರು ಅಂತ ಅಧಿಕಾರಿಗಳಿಗೆ ಮೊದಲೇ ಹೆಚ್ಚುಕಡಿಮೆ ಗೊತ್ತಿತ್ತು, ಅವರ ಮೇಲೆ ಕಣ್ಣೂ ಇತ್ತು. ಹೊಸದಾಗಿ ಸೇರಿಸಿದ ಭೇಟಿಗಳಲ್ಲಿ ಸಿಕ್ಕಿದ್ದು ಮಿತಿಯನ್ನು ಸ್ವಲ್ಪ ದಾಟಿದವರು. ಕಾರ್ಖಾನೆ ಮುಚ್ಚಿಸುವಂಥ ದೊಡ್ಡ ಶಿಕ್ಷೆಯನ್ನು ಅಷ್ಟಕ್ಕೆ ಯಾರೂ ಕೊಡುವುದಿಲ್ಲ. ಸಣ್ಣ ತಪ್ಪಿಗೆ ತಕ್ಕ ಸಣ್ಣ ದಂಡ ಅವರ ಕೈಯಲ್ಲಿ ಇರಲಿಲ್ಲ.

ಇನ್ನೊಂದು ಪ್ರಯೋಗ 2013ರಲ್ಲಿ ಪ್ರಕಟವಾಯಿತು. ನನ್ನ ಮಟ್ಟಿಗೆ ಈ ವಿಷಯದಲ್ಲಿ ಅದಕ್ಕಿಂತ ಮುಖ್ಯವಾದದ್ದು ಇಲ್ಲ. ಗುಜರಾತಿನಲ್ಲಿ ಕೆಲವು ಕಾರ್ಖಾನೆಗಳು ಖಾಸಗಿ ಪರಿಸರ ಆಡಿಟರ್‌ಗಳಿಂದ ಅಳತೆ ಮಾಡಿಸಿ ಮಂಡಳಿಗೆ ವರದಿ ಕೊಡಬೇಕು. ಆಗ ಆಡಿಟರನ್ನು ಆರಿಸುತ್ತಿದ್ದದ್ದು ಕಾರ್ಖಾನೆ, ದುಡ್ಡು ಕೊಡುತ್ತಿದ್ದದ್ದೂ ಕಾರ್ಖಾನೆ. ಅವರ ವರದಿಗಳ ಪ್ರಕಾರ ಧೂಳಿನ ಮಿತಿ ದಾಟಿದ ಕಾರ್ಖಾನೆಗಳು ನೂರಕ್ಕೆ 7 ಮಾತ್ರ. ಸಂಶೋಧಕರು ಸ್ವತಂತ್ರವಾಗಿ ಮತ್ತೆ ಅಳೆಸಿದರು. ನೂರಕ್ಕೆ 59 ದಾಟಿದ್ದವು. ಅಲ್ಲಿ ಧೂಳಿನ ಮಿತಿ ಎಷ್ಟು ಗೊತ್ತಾ? ನಮ್ಮ ಫೌಂಡ್ರಿಗಳದ್ದೇ, 150. ವರದಿಯ ಅಂಕಿಗಳು ಸಾಲಾಗಿ 150ಕ್ಕೆ ಸ್ವಲ್ಪ ಕೆಳಗೆ ಬಂದು ನಿಂತಿದ್ದವು.

ಆಮೇಲೆ ಅವರು ಕೆಲವು ಕಾರ್ಖಾನೆಗಳಿಗೆ ನಿಯಮ ಬದಲಿಸಿದರು. ಆಡಿಟರ್ ಯಾರು ಅನ್ನುವುದನ್ನು ಕಾರ್ಖಾನೆ ಆರಿಸುವ ಹಾಗಿಲ್ಲ, ಚೀಟಿ ಎತ್ತಿದಂತೆ ಬರುತ್ತಾರೆ. ಸಂಬಳ ಕಾರ್ಖಾನೆಯಿಂದ ಬರುವುದಿಲ್ಲ, ಒಂದು ಸಾಮಾನ್ಯ ನಿಧಿಯಿಂದ, ಎಲ್ಲರಿಗೂ ಒಂದೇ ದರ. ಕೆಲವು ಅಳತೆಗಳನ್ನು ಇನ್ನೊಬ್ಬರು ಹೋಗಿ ಮತ್ತೆ ಪರೀಕ್ಷಿಸುತ್ತಾರೆ. ಮುಖ್ಯ ಬದಲಾವಣೆ ಇಷ್ಟು. ಸುಳ್ಳು ವರದಿ ನೂರಕ್ಕೆ 80ರಷ್ಟು ಕಡಿಮೆಯಾಯಿತು. ಆ ಕಾರ್ಖಾನೆಗಳ ಮಾಲಿನ್ಯವೂ ನೂರಕ್ಕೆ 28ರಷ್ಟು ಇಳಿಯಿತು. ಹೊಸ ಕಾನೂನು ಬರಲಿಲ್ಲ, ದಂಡ ಏರಲಿಲ್ಲ. ಅಳೆಯುವವರ ಅನ್ನ ಯಾರ ಕೈಯಲ್ಲಿದೆ ಅನ್ನುವುದು ಬದಲಾಯಿತು.

ಚೀನಾದಲ್ಲಿ ಬೇರೆ ದಾರಿ ಹಿಡಿದರು. 2016ರ ಆರಂಭದಲ್ಲಿ ಹೆಬೆಯ್ ಪ್ರಾಂತ್ಯದಿಂದ ಶುರುಮಾಡಿ, ಕೇಂದ್ರದ ದೊಡ್ಡ ತಂಡಗಳನ್ನು ಒಂದೊಂದು ಪ್ರಾಂತ್ಯಕ್ಕೆ ಸುಮಾರು ಒಂದು ತಿಂಗಳು ಕಳಿಸಿದರು. ಜನರ ದೂರು ತೆಗೆದುಕೊಂಡರು, ಸ್ಥಳೀಯ ಅಧಿಕಾರಿಗಳನ್ನೇ ಹೊಣೆ ಮಾಡಿದರು. ತಂಡ ಇದ್ದಷ್ಟು ದಿನ ನಗರಗಳ ಗಾಳಿ ಸುಧಾರಿಸಿತು. ತಂಡ ಹೋದ ಮೇಲೆ ಎಷ್ಟೋ ಕಡೆ ಆ ಲಾಭ ಕರಗುತ್ತ ಬಂತು ಅಂತ ಅಧ್ಯಯನಗಳು ತೋರಿಸಿವೆ.

ನಮ್ಮಲ್ಲಿ ಈಗ ಏನು ಬದಲಾಗುತ್ತಿದೆ

ಸಕ್ಕರೆ, ಡಿಸ್ಟಿಲರಿ, ಸಿಮೆಂಟ್‌ನಂಥ 17 ಬಗೆಯ ಉದ್ಯಮಗಳು ಚಿಮಣಿಗೆ ಸದಾ ಅಳೆಯುವ ಯಂತ್ರ ಕೂರಿಸಬೇಕು ಅಂತ ಕೇಂದ್ರ ಮಂಡಳಿ 2014ರಲ್ಲಿ ಹೇಳಿತು. ಅಂಕಿ ನೇರವಾಗಿ ಮಂಡಳಿಯ ಸರ್ವರ್‌ಗೆ ಹೋಗುತ್ತದೆ. ಒಂದು ದಿನದ ಭೇಟಿಗಿಂತ ಇದು ಎಷ್ಟೋ ವಾಸಿ, ರಾತ್ರಿ ಎರಡು ಗಂಟೆಯ ಹೊಗೆಯೂ ಲೆಕ್ಕಕ್ಕೆ ಸಿಗುತ್ತದೆ. ಆದರೆ ಯಂತ್ರವನ್ನು ಕೊಳ್ಳುವುದು, ನೋಡಿಕೊಳ್ಳುವುದು ಕಾರ್ಖಾನೆಯೇ. ಸರಿಯಾಗಿ ತಾಳೆ ನೋಡದಿದ್ದರೆ ಅದರ ಅಂಕಿಯನ್ನೂ ನಂಬಲಾಗುವುದಿಲ್ಲ. ಸಣ್ಣ ಫೌಂಡ್ರಿಗಳು ಆ ಪಟ್ಟಿಯಲ್ಲಿ ಇಲ್ಲ.

ಸೂರತ್‌ನಲ್ಲಿ 2019ರಲ್ಲಿ ಇದೇ ಯಂತ್ರಗಳನ್ನು ಬಳಸಿ ಇನ್ನೊಂದು ಹೆಜ್ಜೆ ಮುಂದೆ ಹೋದರು. 300ಕ್ಕೂ ಹೆಚ್ಚು ಕಾರ್ಖಾನೆಗಳಲ್ಲಿ ಸುಮಾರು ಅರ್ಧದಷ್ಟನ್ನು ಆರಿಸಿ, ಅವೆಲ್ಲ ಸೇರಿ ಒಟ್ಟು ಎಷ್ಟು ಧೂಳು ಬಿಡಬಹುದು ಅಂತ ಮಿತಿ ಹಾಕಿದರು. ಕಡಿಮೆ ಬಿಟ್ಟವರು ಉಳಿದ ಪಾಲನ್ನು ಬೇರೆಯವರಿಗೆ ಮಾರಬಹುದು. ಅದರಲ್ಲಿ ಸೇರಿದ ಕಾರ್ಖಾನೆಗಳ ಧೂಳು ನೂರಕ್ಕೆ 20ರಿಂದ 30ರಷ್ಟು ಕಡಿಮೆಯಾಯಿತು. ಮೇಲೆ ಮಾಡಿದ 750 ಕಿಲೋ ಲೆಕ್ಕ ನೆನಪಿಸಿಕೊಳ್ಳಿ. ಆ ಒಟ್ಟು ಮೊತ್ತವನ್ನು ಹಿಡಿಯುವ ದಾರಿ ಇದು. ಫೌಂಡ್ರಿಗಳು ಒಂದೇ ಕಡೆ ಗುಂಪಾಗಿರುವ ಬೆಳಗಾವಿಯಲ್ಲಿ ಇದರ ಬಗ್ಗೆ ಯೋಚಿಸಬೇಕು.

ಶಿಕ್ಷೆಯೂ ಬದಲಾಗಿದೆ. 2023ರ ಜನ ವಿಶ್ವಾಸ ಕಾಯ್ದೆಯಿಂದ ಗಾಳಿ ಕಾಯ್ದೆಯ ಹಲವು ತಪ್ಪುಗಳಿಗೆ ಜೈಲಿನ ಬದಲು ದಂಡ ಬಂತು, 10 ಸಾವಿರದಿಂದ 15 ಲಕ್ಷ ರೂಪಾಯಿವರೆಗೆ. ಕೋರ್ಟಿನಲ್ಲಿ ವರ್ಷಗಟ್ಟಲೆ ಕೇಸು ಎಳೆಯುವ ಬದಲು ನಿಗದಿಪಡಿಸಿದ ಅಧಿಕಾರಿ ತೀರ್ಮಾನ ಮಾಡುತ್ತಾರೆ. ಜೈಲು ತೆಗೆದದ್ದಕ್ಕೆ ಬೇಸರ ಪಟ್ಟವರಿದ್ದಾರೆ. ಗುಜರಾತಿನ ಅನುಭವ ನೋಡಿದರೆ ಸಣ್ಣ ತಪ್ಪಿಗೆ ಬೇಗ ಬೀಳುವ ಸಣ್ಣ ದಂಡವೇ ಹೆಚ್ಚು ಕೆಲಸ ಮಾಡಬಹುದು ಅಂತ ನನಗೆ ಅನ್ನಿಸುತ್ತದೆ, ದಂಡ ನಿಜವಾಗಿ ಬಿದ್ದರೆ. 2025ರ ಆಗಸ್ಟ್ ಕೊನೆಗೆ ಕೇಂದ್ರ ಪರಿಸರ ಸಚಿವಾಲಯ ಪರಿಸರ ಆಡಿಟ್‌ಗೆ ಹೊಸ ನಿಯಮ ತಂದಿದೆ. ನೋಂದಾಯಿತ ಖಾಸಗಿ ಆಡಿಟರ್‌ಗಳು ಬರುತ್ತಾರೆ, ಯಾರಿಗೆ ಯಾರು ಅನ್ನುವುದನ್ನು ಕಾರ್ಖಾನೆ ಆರಿಸುವ ಹಾಗಿಲ್ಲ, ಚೀಟಿ ಎತ್ತಿದಂತೆ ನಿಗದಿಯಾಗುತ್ತದೆ. ಗುಜರಾತಿನ ಪಾಠದ ಒಂದು ಭಾಗ ಇದರಲ್ಲಿ ಇದೆ. ಅಳೆದದ್ದನ್ನು ಇನ್ನೊಬ್ಬರು ಮತ್ತೆ ಅಳೆಯುವ ಭಾಗ ಎಷ್ಟು ಗಟ್ಟಿಯಾಗಿ ನಡೆಯುತ್ತದೆ ಅನ್ನುವುದನ್ನು ನೋಡುತ್ತಿರಬೇಕು.

ಒಂದು ಕೊರತೆ ಇದ್ದೇ ಇದೆ. 2019ರಲ್ಲಿ ಶುರುವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ಕರ್ನಾಟಕದಿಂದ ಇರುವ ಊರುಗಳು ನಾಲ್ಕು: ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಅದರಲ್ಲಿ ಇಲ್ಲ. ಪಟ್ಟಿಯಲ್ಲಿ ಇರುವ ಊರಿಗೆ ಧೂಳು ಇಳಿಸುವ ಗುರಿ ಇರುತ್ತದೆ, ಯೋಜನೆ ಇರುತ್ತದೆ, ಪಾಲಿಕೆ, ಸಾರಿಗೆ, ಮಂಡಳಿ ಎಲ್ಲರೂ ಒಂದೇ ಮೇಜಿಗೆ ಬರಬೇಕಾಗುತ್ತದೆ. ನಮ್ಮಲ್ಲಿ ಅಂಥ ಮೇಜು ಇನ್ನೂ ಬೇಕು. ಅದಕ್ಕೆ ದಿಲ್ಲಿಯ ಪಟ್ಟಿಗೆ ಕಾಯಬೇಕಾಗಿಲ್ಲ, ಜಿಲ್ಲಾಧಿಕಾರಿಗಳು ಕರೆದರೂ ಆಗುತ್ತದೆ.

ನಿಮ್ಮ ಕೈಯಲ್ಲಿ ಏನಿದೆ? ಬಹಳ ಜನರಿಗೆ ಗೊತ್ತಿಲ್ಲದ ಒಂದು ಸೆಕ್ಷನ್ ಗಾಳಿ ಕಾಯ್ದೆಯಲ್ಲಿದೆ, 51ನೆಯದು. ಯಾರಿಗೆ ಸಮ್ಮತಿ ಕೊಟ್ಟಿದ್ದಾರೆ, ಯಾವ ಮಿತಿ ಹಾಕಿದ್ದಾರೆ ಅನ್ನುವ ರಿಜಿಸ್ಟರನ್ನು ಮಂಡಳಿ ಇಡಬೇಕು, ಬಾಧಿತರು ಬಂದು ನೋಡಲು ಬಿಡಬೇಕು. ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ತಪಾಸಣಾ ವರದಿಯ ಪ್ರತಿ ಕೇಳಬಹುದು. ಕೇಳುವಾಗ "ತಪಾಸಣೆ ಆಗಿದೆಯೇ" ಅಂತ ಕೇಳಬೇಡಿ, ಆಗಿದೆ ಅನ್ನುವ ಒಂದು ಸಾಲು ಬರುತ್ತದೆ. ಹೀಗೆ ಕೇಳಿ: ಮಾದರಿ ತೆಗೆದ ದಿನ ಮತ್ತು ಹೊತ್ತು ಯಾವುದು, ಆಗ ಭಟ್ಟಿ ಎಷ್ಟು ಲೋಡಿನಲ್ಲಿ ನಡೆಯುತ್ತಿತ್ತು, ಅಳೆದವರು ಮಂಡಳಿಯ ಪ್ರಯೋಗಾಲಯದವರೋ ಕಾರ್ಖಾನೆ ನೇಮಿಸಿದವರೋ, ನಾಕ್‌ಔಟ್ ಮತ್ತು ಶಾಟ್ ಬ್ಲಾಸ್ಟಿಂಗ್ ಜಾಗದಲ್ಲಿ ಬ್ಯಾಗ್ ಫಿಲ್ಟರ್ ಇತ್ತೇ, ಆ ದಿನ ಚಾಲೂ ಇತ್ತೇ, ಹೋದ ಸಲ ಕೊಟ್ಟ ನೋಟಿಸಿನ ಮೇಲೆ ಏನು ಕ್ರಮ ಆಯಿತು. ಉತ್ತರ ಬಂದ ಮೇಲೆ ಅದನ್ನು ಓಣಿಯ ನಾಲ್ಕು ಜನರ ಜೊತೆ ಕೂತು ಓದಿ, ಫೌಂಡ್ರಿಯಲ್ಲಿ ಕೆಲಸ ಮಾಡುವ ಒಬ್ಬರನ್ನೂ ಕರೆಯಿರಿ. ಯಾವ ಹೊತ್ತಿಗೆ ಮರಳು ಒಡೆಯುತ್ತಾರೆ, ಯಾವ ಹೊತ್ತಿಗೆ ಫ್ಯಾನು ಬಂದ್ ಇರುತ್ತದೆ ಅನ್ನುವುದು ಅವರಿಗೆ ಗೊತ್ತಿರುತ್ತದೆ.